ಮರೆವಿನ ರೋಗಕ್ಕೆ ಸೋಂಕೂ ಒಂದು ಕಾರಣವೇ?



‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ನಮ್ಮ ನಾಡಿನಲ್ಲಿ ಮನೆಮಾತಾಗಿದೆ. ಹಿರಿಯರು ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಮನೆಯೆಲ್ಲ ಹುಡುಕಿದರೆ, ಮೊಮ್ಮಗನ ಹೆಸರು ಹಿಡಿದು ಮಗನನ್ನು ಕರೆದರೆ, ಕಿರಿಯರು ಈ ಗಾದೆಯನ್ನು ನೆನೆದು ನಗುತ್ತಾರೆ. ಅರವತ್ತನ್ನು ದಾಟಿದ ನಾವೂ ಆ ನಗೆಯಲ್ಲಿ ಪಾಲುಗೊಂಡಿದ್ದೇವೆ. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಬೆಳಗಿನ ಜಾವ ಎದ್ದು ಕಂಠಪಾಠ ಮಾಡಿದ ಅಮರಕೋಶ ಇಂದಿಗೂ ತಡೆಯಿಲ್ಲದೆ ನಾಲಿಗೆಗೆ ಬರುತ್ತದೆ. ನಿನ್ನೆ ಭೇಟಿಯಾದವರ ಹೆಸರು ಮಾತ್ರ ಎಷ್ಟು ತಡಕಿದರೂ ಸಿಗುವುದಿಲ್ಲ. ಇದು ವಯೋಧರ್ಮ. ಆದರೆ ಕನ್ನಡಕವನ್ನು ಎಲ್ಲಿಟ್ಟೆವೆಂಬುದನ್ನು ಮರೆಯುವುದು ಬೇರೆ. ಕನ್ನಡಕವನ್ನು ಕೈಯಲ್ಲಿ ಹಿಡಿದು ಇದು ಏತಕ್ಕೆಂದು ತಿಳಿಯದೆ ಕುಳಿತಿರುವುದು ಬೇರೆ. ಮೊದಲನೆಯದು ಮರೆವು, ಎರಡನೆಯದು ರೋಗ. ಗಾದೆಯು ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಟ್ಟಿದೆ. ಆದ್ದರಿಂದಲೇ ಎಷ್ಟೋ ಮನೆಗಳಲ್ಲಿ ರೋಗವು ರೋಗವೆಂದು ತಿಳಿಯುವ ಹೊತ್ತಿಗೆ ಬಹಳ ತಡವಾಗಿರುತ್ತದೆ.

ಕೆಲವು ತಿಂಗಳುಗಳ ಹಿಂದೆ ನಮಗೆ ಬಹುಕಾಲದಿಂದ ಪರಿಚಿತವಾದ ಒಂದು ಮನೆಗೆ ಹೋಗಿದ್ದೆವು. ಆ ಮನೆಯ ಹಿರಿಯರು ಒಂದು ಕಾಲಕ್ಕೆ ಅಂಗಡಿಯ ಲೆಕ್ಕವನ್ನೆಲ್ಲ ಕಿರ್ದಿ ಪುಸ್ತಕ ತೆರೆಯದೆ ಬಾಯಿಂದಲೇ ಹೇಳುತ್ತಿದ್ದವರು. ಈಗ ನಾಲ್ಕು ವರ್ಷಗಳಿಂದ ಅವರಿಗೆ ಮರೆವಿನ ರೋಗ. ಊಟದ ಹೊತ್ತಿಗೆ ಪಡಸಾಲೆಯಲ್ಲಿ ಎಲ್ಲರಿಗೂ ಸಾಲಾಗಿ ಬಡಿಸಿದರು. ಹಿರಿಯರಿಗೆ ಮಾತ್ರ ಹಿಂದಿನ ಕೋಣೆಯಲ್ಲಿ, ಬೇರೆಯಾಗಿ ಇಟ್ಟ ತಾಟಿನಲ್ಲಿ ಊಟ. ಕಾರಣವೇನೆಂದು ಕೇಳಿದೆವು. ಸೊಸೆಯು ತಲೆ ತಗ್ಗಿಸಿ ಹೇಳಿದರು: ‘ಶಾಸ್ತ್ರಿಗಳ, ಈ ಬ್ಯಾನಿ ವೈರಸ್ಸಿನಿಂದ ಬರತೈತಿ ಅಂತ ಪೇಪರಿನ್ಯಾಗ ಬಂದಿತ್ರಿ. ಮನ್ಯಾಗ ಸಣ್ಣ ಹುಡುಗರು ಅದಾವ. ಅಂಜಿಕಿ ಆತ್ರಿ.’

ಆ ತಾಯಿ ಕಠಿಣ ಹೃದಯದವರಲ್ಲ. ಮಾವನವರ ಸ್ನಾನ, ಬಟ್ಟೆ, ಔಷಧ ಎಲ್ಲವನ್ನೂ ಬೇಸರಿಸದೆ ನೋಡಿಕೊಳ್ಳುತ್ತಿರುವವರು ಅವರೇ. ಅರ್ಧ ತಿಳಿದ ಸುದ್ದಿಯೊಂದು ಆ ಮನೆಯ ಪಂಕ್ತಿಯನ್ನು ಎರಡು ಮಾಡಿತ್ತು. ಅಂದು ನಾವು ಹಿಂದಿನ ಕೋಣೆಗೇ ಹೋಗಿ ಹಿರಿಯರ ಮಗ್ಗುಲಲ್ಲಿ ಕುಳಿತು ಪ್ರಸಾದ ಸ್ವೀಕರಿಸಿದೆವು. ಆದರೆ ಸೊಸೆಯ ಅಂಜಿಕೆಗೆ ತಕ್ಕ ಉತ್ತರ ನಮ್ಮಲ್ಲಿರಲಿಲ್ಲ. ಬಲ್ಲ ವೈದ್ಯರನ್ನು ಕೇಳಿ, ಓದಿ ತಿಳಿದುದನ್ನು ಈ ಸಲದ ಅಂಕಣದಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಮರೆವಿನ ರೋಗವು ಅಂಟುರೋಗವಲ್ಲ. ರೋಗಿಯ ತಾಟಿನಲ್ಲಿ ಉಂಡರೆ, ಕೈ ಹಿಡಿದು ನಡೆಸಿದರೆ, ಮಗ್ಗುಲಲ್ಲಿ ಮಲಗಿದರೆ ಅದು ಯಾರಿಗೂ ಬರುವುದಿಲ್ಲ. ಹಾಗಾದರೆ ಪತ್ರಿಕೆಯ ಸುದ್ದಿ ಸುಳ್ಳೇ? ಸುಳ್ಳಲ್ಲ. ಅದರಲ್ಲಿ ಸತ್ಯದ ಒಂದು ಎಳೆಯಿದೆ. ಆ ಎಳೆ ಯಾವುದು, ಎಷ್ಟು ಗಟ್ಟಿಯಾಗಿದೆ ಎಂಬುದನ್ನು ನೋಡೋಣ.

ವೈದ್ಯರು ಡಿಮೆನ್ಷಿಯಾ ಎಂದು ಕರೆಯುವುದು ಒಂದೇ ರೋಗದ ಹೆಸರಲ್ಲ. ನೆನಪು, ವಿವೇಚನೆ, ಮಾತು, ದಿನಚರಿ ಇವು ಒಂದೊಂದಾಗಿ ಕಳಚಿ ಬೀಳುವ ಸ್ಥಿತಿಗೆ ಆ ಹೆಸರು. ಅದಕ್ಕೆ ಕಾರಣಗಳು ಹಲವು. ಮಿದುಳಿನ ರಕ್ತನಾಳಗಳು ಕೆಟ್ಟು ಬರುವುದುಂಟು. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಆಲ್‌ಝೈಮರ್ ರೋಗ. ಜರ್ಮನಿಯ ವೈದ್ಯ ಅಲೋಯಿಸ್ ಆಲ್‌ಝೈಮರ್ ಅವರು ೧೯೦೧ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಐವತ್ತೊಂದು ವರ್ಷದ ಹೆಣ್ಣುಮಗಳೊಬ್ಬರನ್ನು ಕಂಡರು. ಆಕೆಗೆ ತನ್ನ ಹೆಸರನ್ನು ಬರೆಯುವುದೂ ಕಷ್ಟವಾಗಿತ್ತು. ೧೯೦೬ರಲ್ಲಿ ಆಕೆ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ, ಜೀವಕೋಶಗಳ ನಡುವೆ ಗಸಿಯಂತೆ ನಿಂತ ಗಂಟುಗಳೂ ಕೋಶಗಳ ಒಳಗೆ ಸಿಕ್ಕುಬಿದ್ದ ನೂಲಿನಂತಹ ಎಳೆಗಳೂ ಕಂಡವು. ಆ ಗಸಿಯೇ ಅಮಿಲಾಯ್ಡ್ ಎಂಬ ಪ್ರೋಟೀನು. ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ ಸುಮಾರು ೭.೪ ಮಂದಿಗೆ, ಅಂದರೆ ಸುಮಾರು ೮೮ ಲಕ್ಷ ಜನರಿಗೆ, ಡಿಮೆನ್ಷಿಯಾ ಇದೆಯೆಂದು ೨೦೨೩ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ.

ಸೋಂಕಿನಿಂದ ಬುದ್ಧಿ ಕೆಡಬಹುದೆಂಬುದು ಹೊಸ ಮಾತೇನಲ್ಲ. ನೂರು ವರ್ಷಗಳ ಹಿಂದೆ ಯುರೋಪಿನ ಮಾನಸಿಕ ಆಸ್ಪತ್ರೆಗಳಲ್ಲಿ ಬುದ್ಧಿಭ್ರಮಣೆಗೊಂಡು ಕೊನೆಯುಸಿರೆಳೆಯುತ್ತಿದ್ದ ಬಹುಮಂದಿಗೆ ಸಿಫಿಲಿಸ್ ರೋಗವೇ ಮೂಲವಾಗಿತ್ತು. ೧೯೧೩ರಲ್ಲಿ ಜಪಾನಿನ ವಿಜ್ಞಾನಿ ಹಿಡೆಯೊ ನೊಗುಚಿ ಮತ್ತು ಅವರ ಸಹೋದ್ಯೋಗಿ ಅಂಥವರ ಮಿದುಳಿನಲ್ಲಿ ಆ ರೋಗದ ಸೂಕ್ಷ್ಮಾಣುವನ್ನು ತೋರಿಸಿಕೊಟ್ಟರು. ಅದು ವೈರಸ್ಸಲ್ಲ, ಬ್ಯಾಕ್ಟೀರಿಯಾ. ೧೯೪೦ರ ದಶಕದಲ್ಲಿ ಪೆನಿಸಿಲಿನ್ ಬಳಕೆಗೆ ಬಂದ ಮೇಲೆ ಆ ವಾರ್ಡುಗಳು ಬರಿದಾದವು. ವೈರಸ್ಸುಗಳ ಮಾತಿಗೆ ಬಂದರೆ, ಎಚ್‌ಐವಿ ಸೋಂಕು ಚಿಕಿತ್ಸೆಯಿಲ್ಲದೆ ಮುಂದುವರಿದಾಗ ಬುದ್ಧಿಶಕ್ತಿಯನ್ನು ಕುಗ್ಗಿಸುತ್ತದೆ. ಹರ್ಪಿಸ್ ವೈರಸ್ಸು ಅಪರೂಪಕ್ಕೆ ಮಿದುಳಿಗೇರಿ ಜ್ವರ ತಂದಾಗ, ಬದುಕಿ ಉಳಿದವರಲ್ಲಿ ಅನೇಕರ ನೆನಪು ಶಾಶ್ವತವಾಗಿ ನಾಶವಾಗುತ್ತದೆ. ದಡಾರದ ವೈರಸ್ಸು ಕೆಲವೇ ಕೆಲವು ಮಕ್ಕಳ ಮಿದುಳಿನಲ್ಲಿ ಹಲವು ವರ್ಷ ಅಡಗಿದ್ದು, ಬಳಿಕ ಬುದ್ಧಿಯನ್ನೂ ಪ್ರಾಣವನ್ನೂ ತೆಗೆಯುವುದುಂಟು. ನಮ್ಮ ಬಳ್ಳಾರಿ, ಕೋಲಾರ, ಮಂಡ್ಯ ಜಿಲ್ಲೆಗಳ ಹಿರಿಯರಿಗೆ ಮಿದುಳು ಜ್ವರದ ಕಾಟ ಚೆನ್ನಾಗಿ ನೆನಪಿರಬೇಕು. ಸೊಳ್ಳೆಯಿಂದ ಹರಡುವ ಆ ಜ್ವರದಿಂದ ಬದುಕಿದ ಮಕ್ಕಳಲ್ಲಿ ಎಷ್ಟೋ ಮಂದಿ ಕಲಿಕೆಯಲ್ಲಿ, ನಡತೆಯಲ್ಲಿ ಹಿಂದುಳಿದರು. ಇಷ್ಟು ಸಂಗತಿಗಳಲ್ಲಿ ಸಂದೇಹವಿಲ್ಲ. ಸಮಾಧಾನದ ವಿಷಯವೆಂದರೆ, ದಡಾರಕ್ಕೂ ಮಿದುಳು ಜ್ವರಕ್ಕೂ ಇಂದು ಲಸಿಕೆಗಳಿವೆ.

ಸಂದೇಹ ಹುಟ್ಟುವುದು ಸಾಮಾನ್ಯವಾಗಿ ಕಾಣುವ ಆಲ್‌ಝೈಮರ್ ರೋಗದ ವಿಷಯದಲ್ಲಿ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ವಿಜ್ಞಾನಿ ರೂತ್ ಇಟ್ಜಾಕಿ ಅವರು ೧೯೯೧ರಲ್ಲಿ, ತೀರಿಕೊಂಡ ವೃದ್ಧರ ಮಿದುಳಿನಲ್ಲಿ ಹರ್ಪಿಸ್ ವೈರಸ್ಸಿನ ಕುರುಹನ್ನು ಕಂಡರು. ಜ್ವರ ಬಂದುಹೋದ ಮೇಲೆ ತುಟಿಯಂಚಿನಲ್ಲಿ ನೀರ್ಗುಳ್ಳೆ ಏಳುತ್ತದಲ್ಲವೇ? ಅದೇ ವೈರಸ್ಸು ಇದು. ರೋಗಿಗಳಲ್ಲಿ ಮಾತ್ರವಲ್ಲದೆ ಆರೋಗ್ಯವಂತರಾಗಿದ್ದ ವೃದ್ಧರಲ್ಲಿಯೂ ಅದು ಸಿಕ್ಕಿತು. ೧೯೯೭ರಲ್ಲಿ ಅವರ ತಂಡವು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಈ ವೈರಸ್ಸಿನ ಜೊತೆಗೆ ಒಂದು ಬಗೆಯ ವಂಶವಾಹಿಯೂ ಕೂಡಿದವರಲ್ಲಿ ರೋಗದ ಸಂಭವ ಹೆಚ್ಚೆಂದು ಹೇಳಿತು. ಬಹುಕಾಲ ಈ ಮಾತನ್ನು ವಿದ್ವಾಂಸರು ಒಪ್ಪಲಿಲ್ಲ.

ಮುಂದೆ ಅಮೆರಿಕದ ಬಾಸ್ಟನ್ನಿನಲ್ಲಿ ರಾಬರ್ಟ್ ಮೊಯಿರ್ ಮತ್ತು ರುಡಾಲ್ಫ್ ಟಾಂಜಿ ಎಂಬ ವಿಜ್ಞಾನಿಗಳು ಬೇರೊಂದು ಬಾಗಿಲು ತೆರೆದರು. ಅಮಿಲಾಯ್ಡ್ ಎಂಬ ಗಸಿಯು ಕೇವಲ ಕಸವಲ್ಲ, ಅದಕ್ಕೆ ಸೂಕ್ಷ್ಮಜೀವಿಗಳನ್ನು ಕಟ್ಟಿಹಾಕಿ ಕೊಲ್ಲುವ ಶಕ್ತಿಯಿದೆ ಎಂದು ಅವರ ತಂಡವು ೨೦೧೦ರಲ್ಲಿಯೂ, ಮುಂದೆ ೨೦೧೬ ಮತ್ತು ೨೦೧೮ರಲ್ಲಿಯೂ ಪ್ರಯೋಗಗಳಿಂದ ತೋರಿಸಿತು. ಅಂದರೆ ಅದು ಕೋಟೆಯ ಕಾವಲಿಗೆ ಎಸೆದ ಕಲ್ಲು. ಶತ್ರು ಒಮ್ಮೆ ಬಂದು ಹೋದರೆ ಕೋಟೆ ಉಳಿಯುತ್ತದೆ. ಜೀವಮಾನವಿಡೀ ಕಲ್ಲೆಸೆಯುತ್ತಲೇ ಇದ್ದರೆ ಕೋಟೆಯೊಳಗಿನ ಬೀದಿಗಳೇ ಹೂಳಿಹೋಗುತ್ತವೆ. ಇದು ಇನ್ನೂ ಸಿದ್ಧಾಂತವಾಗಿ ನಿಂತಿಲ್ಲ, ಊಹೆಯಾಗಿಯೇ ಇದೆ. ಆದರೆ ಬುದ್ಧಿಗೆ ಒಪ್ಪುವಂತಹ ಊಹೆ.

ಬಳಿಕ ಆಸ್ಪತ್ರೆಗಳ ದಾಖಲೆಗಳಿಂದ ಲೆಕ್ಕಗಳು ಬಂದವು. ೨೦೧೮ರಲ್ಲಿ ತೈವಾನ್ ದೇಶದ ವೈದ್ಯರು ಐವತ್ತು ದಾಟಿದ, ಹೊಸದಾಗಿ ಹರ್ಪಿಸ್ ಸೋಂಕು ಕಂಡ ೮,೩೬೨ ಜನರ ದಾಖಲೆಗಳನ್ನು ಪರಿಶೀಲಿಸಿದರು. ಸೋಂಕಿಲ್ಲದವರಿಗಿಂತ ಇವರಲ್ಲಿ ಡಿಮೆನ್ಷಿಯಾ ಸುಮಾರು ಎರಡೂವರೆ ಪಟ್ಟು ಹೆಚ್ಚಿತ್ತು; ವೈರಸ್ ನಿರೋಧಕ ಔಷಧ ಪಡೆದವರಲ್ಲಿ ಬಹಳ ಕಡಿಮೆಯಿತ್ತು. ೨೦೨೩ರಲ್ಲಿ ಅಮೆರಿಕದ ಸಂಶೋಧಕರು ಫಿನ್ಲೆಂಡ್ ಮತ್ತು ಬ್ರಿಟನ್ನಿನ ಲಕ್ಷಾಂತರ ಜನರ ದಾಖಲೆಗಳನ್ನು ಹೋಲಿಸಿ, ವೈರಸ್ ಸೋಂಕಿಗೂ ಮಿದುಳು ಸವೆಯುವ ರೋಗಗಳಿಗೂ ೨೨ ಬಗೆಯ ನಂಟುಗಳು ಎರಡೂ ದೇಶಗಳಲ್ಲಿ ಕಾಣುತ್ತವೆಂದರು. ಆ ನಂಟುಗಳಲ್ಲಿ ಫ್ಲೂ ಜ್ವರದೊಡನೆ ಬರುವ ನ್ಯುಮೋನಿಯಾವೂ ಸೇರಿತ್ತು.

ಇಲ್ಲಿ ವಾಚಕರು ಒಂದು ಕ್ಷಣ ನಿಲ್ಲಬೇಕು. ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತೆಂದು ನಾವು ಹೇಳುವುದುಂಟು. ಎರಡು ಸಂಗತಿಗಳು ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗಲಾರದು. ಮರೆವಿನ ರೋಗವು ಹೊರಗೆ ಕಾಣುವ ಹತ್ತಾರು ವರ್ಷಗಳ ಮೊದಲೇ ಒಳಗೆ ಆರಂಭವಾಗಿರುತ್ತದೆ. ಆ ಅವಧಿಯಲ್ಲಿ ಊಟ, ಶುಚಿತ್ವ, ಔಷಧಗಳ ಕಡೆ ಗಮನ ತಪ್ಪಿ ಸೋಂಕು ತಗುಲಬಹುದು. ಆಗ ಸೋಂಕಿನಿಂದ ರೋಗ ಬಂದಿತೋ, ರೋಗದಿಂದ ಸೋಂಕು ಬಂದಿತೋ? ದಾಖಲೆಗಳು ಇದಕ್ಕೆ ಉತ್ತರ ಹೇಳಲಾರವು.

ಈ ತೊಡಕನ್ನು ಬಿಡಿಸಲು ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ತಾನಾಗಿಯೇ ಒಂದು ಅವಕಾಶ ಒದಗಿ ಬಂದಿತು. ಬಾಲ್ಯದಲ್ಲಿ ಸೀತಾಳೆ ಸಿಡುಬು ಬಂದವರ ನರಗಳಲ್ಲಿ ಅದರ ವೈರಸ್ಸು ಮಲಗಿಯೇ ಇರುತ್ತದೆ. ಮುಪ್ಪಿನಲ್ಲಿ ದೇಹ ಬಲಗುಂದಿದಾಗ ಅದು ಎದ್ದು, ಪಕ್ಕೆಯಲ್ಲೋ ಮುಖದಲ್ಲೋ ಉರಿಯುವ ಗುಳ್ಳೆಗಳ ಪಟ್ಟಿಯಾಗಿ ಕಾಣಿಸುತ್ತದೆ. ಅದನ್ನೇ ನಾವು ಸರ್ಪಸುತ್ತು ಎನ್ನುವುದು. ಇದನ್ನು ತಡೆಯುವ ಲಸಿಕೆಯನ್ನು ವೇಲ್ಸ್‌ನಲ್ಲಿ ೨೦೧೩ರ ಸೆಪ್ಟೆಂಬರ್ ೧ರಿಂದ ಕೊಡತೊಡಗಿದರು. ೧೯೩೩ರ ಸೆಪ್ಟೆಂಬರ್ ೨ರಂದು ಅಥವಾ ಅದರ ಈಚೆಗೆ ಹುಟ್ಟಿದವರಿಗೆ ಸರದಿಯ ಪ್ರಕಾರ ಲಸಿಕೆ. ಅದಕ್ಕಿಂತ ಮೊದಲು ಹುಟ್ಟಿ ಆಗಲೇ ಎಂಬತ್ತು ತುಂಬಿದವರಿಗೆ ಎಂದೆಂದಿಗೂ ಇಲ್ಲ. ಒಂದೇ ವಾರದ ಅಂತರದಲ್ಲಿ ಹುಟ್ಟಿದ ಇಬ್ಬರಲ್ಲಿ ಊಟ, ಓದು, ಆಸ್ತಿ, ಆರೋಗ್ಯ ಯಾವುದರಲ್ಲಿಯೂ ಹೇಳುವಂತಹ ವ್ಯತ್ಯಾಸವಿರುವುದಿಲ್ಲ. ಆದರೂ ಒಬ್ಬರಿಗೆ ಲಸಿಕೆ ಸಿಕ್ಕಿತು, ಇನ್ನೊಬ್ಬರಿಗೆ ಸಿಗಲಿಲ್ಲ. ಹುಟ್ಟಿದ ದಿನವೇ ಚೀಟಿ ಎತ್ತಿದಂತಾಯಿತು.

ಇಂತಹ ಸುಮಾರು ೨ ಲಕ್ಷ ೮೦ ಸಾವಿರ ಹಿರಿಯರ ದಾಖಲೆಗಳನ್ನು ಏಳು ವರ್ಷಗಳ ಅವಧಿಗೆ ನೋಡಿದ ಸಂಶೋಧನೆಯು ೨೦೨೫ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಲಸಿಕೆ ಪಡೆದವರಲ್ಲಿ ಡಿಮೆನ್ಷಿಯಾ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆಯಾಗಿತ್ತು. ಹೆಣ್ಣುಮಕ್ಕಳಲ್ಲಿ ಈ ಪ್ರಯೋಜನ ಇನ್ನೂ ಹೆಚ್ಚು. ಆಸ್ಟ್ರೇಲಿಯಾದ ದಾಖಲೆಗಳನ್ನು ಇದೇ ಬಗೆಯಲ್ಲಿ ನೋಡಿದಾಗಲೂ ಫಲಿತಾಂಶ ಅದೇ ದಿಕ್ಕಿನಲ್ಲಿತ್ತು. ಲಸಿಕೆಯು ಆ ವೈರಸ್ಸನ್ನು ಮಲಗಿಸಿಟ್ಟದ್ದರಿಂದ ಹೀಗಾಯಿತೋ, ದೇಹದ ರೋಗನಿರೋಧಕ ಶಕ್ತಿಯನ್ನೇ ಚುರುಕುಗೊಳಿಸಿದ್ದರಿಂದ ಆಯಿತೋ ಎಂಬುದು ನಿರ್ಧಾರವಾಗಿಲ್ಲ. ಆದರೂ ಸೋಂಕಿಗೂ ಮರೆವಿಗೂ ನಂಟುಂಟೆಂಬ ಮಾತಿಗೆ ಇಷ್ಟು ಬಲವಾದ ಸಾಕ್ಷಿ ಇದುವರೆಗೆ ದೊರೆತಿರಲಿಲ್ಲ.

ಇದರ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅಪಚಾರವಾದೀತು. ವೈರಸ್ಸೇ ಕಾರಣವಾಗಿದ್ದರೆ ವೈರಸ್ ನಿರೋಧಕ ಔಷಧದಿಂದ ರೋಗ ನಿಲ್ಲಬೇಕಲ್ಲವೇ? ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯರು ಇದನ್ನು ಪರೀಕ್ಷಿಸಿದರು. ಅವರ ಮುಖಂಡರ ಹೆಸರು ದಾವಣಗೆರೆ ಪಿ. ದೇವಾನಂದ್. ಹೆಸರಿನಲ್ಲಿಯೇ ನಮ್ಮ ದಾವಣಗೆರೆ ಇರುವುದನ್ನು ಕಂಡು ನಮಗೆ ಸಂತೋಷವಾಯಿತು. ಹರ್ಪಿಸ್ ಸೋಂಕಿನ ಗುರುತುಳ್ಳ, ರೋಗದ ಮೊದಲ ಹಂತದಲ್ಲಿದ್ದ ೧೨೦ ಜನರಲ್ಲಿ ಕೆಲವರಿಗೆ ೭೮ ವಾರಗಳ ಕಾಲ ಔಷಧ ಕೊಟ್ಟರು, ಉಳಿದವರಿಗೆ ಔಷಧದಂತೆ ಕಾಣುವ ಬರಿಯ ಗುಳಿಗೆ ಕೊಟ್ಟರು. ೨೦೨೫ರಲ್ಲಿ ಫಲಿತಾಂಶ ಹೊರಬಂದಿತು. ಔಷಧದಿಂದ ಪ್ರಯೋಜನವಾಗಿರಲಿಲ್ಲ, ಔಷಧ ಪಡೆದವರ ಸ್ಥಿತಿಯೇ ತುಸು ಹೆಚ್ಚು ಕುಂದಿತ್ತು. ತಾವು ನಂಬಿದ್ದ ದಾರಿ ಫಲಿಸಲಿಲ್ಲವೆಂದು ಲೋಕಕ್ಕೆ ತಿಳಿಸುವುದೂ ವಿದ್ವಾಂಸರ ಧರ್ಮ. ಆದುದರಿಂದ ವೈರಸ್ ನಿರೋಧಕ ಗುಳಿಗೆಗಳನ್ನು ತಂದು ಮರೆವಿನ ರೋಗಿಗೆ ಕೊಡುವ ಸಾಹಸವನ್ನು ಯಾರೂ ಮಾಡಬಾರದು.

ಇಷ್ಟನ್ನೂ ತೂಗಿ ನೋಡಿದರೆ ತಿಳಿಯುವುದೇನು? ಸೋಂಕು ಮರೆವಿನ ರೋಗದ ಹಲವು ಬೇರುಗಳಲ್ಲಿ ಒಂದಾಗಿರಬಹುದು, ಅದೊಂದೇ ಬೇರಲ್ಲ. ಹಾನಿಯಾದ ಮೇಲೆ ಔಷಧದಿಂದ ಸರಿಪಡಿಸುವುದಕ್ಕಿಂತ ಮೊದಲೇ ತಡೆಯುವುದು ಲೇಸು. ಇನ್ನು ತಾಟು ಬೇರೆ ಇಡುವ ಮಾತು. ತುಟಿಯ ಗುಳ್ಳೆ ತರುವ ವೈರಸ್ಸು ಲೋಕದಲ್ಲಿ ಐವತ್ತರೊಳಗಿನ ಪ್ರತಿ ಮೂವರಲ್ಲಿ ಸುಮಾರು ಇಬ್ಬರ ದೇಹದಲ್ಲಿ ಈಗಾಗಲೇ ನೆಲೆಸಿದೆ. ಬಹುಪಾಲು ಜನರಿಗೆ ಬಾಲ್ಯದಲ್ಲಿಯೇ ಅದು ಬಂದಿರುತ್ತದೆ, ಅವರಲ್ಲಿ ಬಹುಮಂದಿಗೆ ಎಂದೂ ಮರೆವಿನ ರೋಗ ಬರುವುದಿಲ್ಲ. ತುಟಿಯ ಗುಳ್ಳೆಯೋ ಸರ್ಪಸುತ್ತೋ ಹಸಿಯಾಗಿರುವಾಗ ಮಕ್ಕಳನ್ನು ದೂರವಿಡುವುದು ಸರಿ. ಆದರೆ ಮರೆತವರನ್ನು ದೂರವಿಡುವುದಕ್ಕೆ ವಿಜ್ಞಾನದಲ್ಲಿಯೂ ಆಧಾರವಿಲ್ಲ, ಧರ್ಮದಲ್ಲಿಯೂ ಆಧಾರವಿಲ್ಲ.

ಮನೆಯವರು ಮಾಡಬಹುದಾದ ಕೆಲವು ಕಾರ್ಯಗಳನ್ನು ಹೇಳುತ್ತೇವೆ. ಮಕ್ಕಳ ಲಸಿಕೆಗಳನ್ನು ತಪ್ಪಿಸಬಾರದು. ಹಿರಿಯರಿಗೆ ಫ್ಲೂ ಲಸಿಕೆಯ ಬಗೆಗೆ ವೈದ್ಯರನ್ನು ಕೇಳಬೇಕು. ಸರ್ಪಸುತ್ತಿನ ಹೊಸ ಬಗೆಯ ಲಸಿಕೆ ೨೦೨೩ರಿಂದ ನಮ್ಮ ದೇಶದಲ್ಲಿಯೂ ಐವತ್ತು ದಾಟಿದವರಿಗೆ ದೊರೆಯುತ್ತಿದೆ. ಎರಡು ಸಲ ಹಾಕಿಸಬೇಕು, ಬೆಲೆ ಹೆಚ್ಚು. ಅದಕ್ಕೆ ಅನುಮತಿ ಇರುವುದು ಸರ್ಪಸುತ್ತನ್ನು ತಡೆಯುವುದಕ್ಕೆ, ಮರೆವನ್ನು ತಡೆಯುವುದಕ್ಕಲ್ಲ. ಸಾಲ ಮಾಡಿ ಹಾಕಿಸಬೇಕೆಂದು ನಾವು ಹೇಳುವುದಿಲ್ಲ. ಅನುಕೂಲವಿದ್ದವರು ವೈದ್ಯರೊಡನೆ ವಿಚಾರಿಸಬಹುದು.

ಎರಡನೆಯದು ಬಹಳ ಮುಖ್ಯ. ನಿನ್ನೆಯವರೆಗೆ ಸರಿಯಾಗಿದ್ದ ಹಿರಿಯರು ಇಂದು ಇದ್ದಕ್ಕಿದ್ದಂತೆ ಗೊಂದಲಗೊಂಡು ಏನೇನೋ ಮಾತನಾಡತೊಡಗಿದರೆ, ‘ಅರಳು ಮರಳು’ ಎಂದು ಸುಮ್ಮನಾಗಬಾರದು. ಮೂತ್ರದ ಸೋಂಕು, ನ್ಯುಮೋನಿಯಾ ಮುಂತಾದವು ಮುಪ್ಪಿನಲ್ಲಿ ಮೊದಲು ಹೀಗೆಯೇ ಕಾಣಿಸಿಕೊಳ್ಳುವುದುಂಟು. ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಚಿಕಿತ್ಸೆಯಾದರೆ ಬುದ್ಧಿ ತಿಳಿಯಾಗಬಹುದು. ನಮ್ಮಂತಹ ಸಸ್ಯಾಹಾರಿ ಮನೆಗಳಲ್ಲಿ ಬಿ-೧೨ ಜೀವಸತ್ವದ ಕೊರತೆಯೂ ನೆನಪನ್ನು ಕುಂದಿಸಬಲ್ಲದು. ರಕ್ತ ಪರೀಕ್ಷೆಯಿಂದ ಅದು ತಿಳಿಯುತ್ತದೆ, ಔಷಧವೂ ಸುಲಭ. ಥೈರಾಯಿಡ್ ದೋಷವೂ ಹಾಗೆಯೇ.

ಮೂರನೆಯದಾಗಿ, ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವು ೨೦೨೪ರಲ್ಲಿ ನಾವು ತಿದ್ದಿಕೊಳ್ಳಬಹುದಾದ ೧೪ ಕಾರಣಗಳನ್ನು ಪಟ್ಟಿ ಮಾಡಿತು. ಇವನ್ನೆಲ್ಲ ನಿವಾರಿಸಿದರೆ ಲೋಕದ ಡಿಮೆನ್ಷಿಯಾದಲ್ಲಿ ಸುಮಾರು ನೂರಕ್ಕೆ ೪೫ ಪಾಲನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದು ಅದರ ಅಂದಾಜು. ಕಿವಿ ಮಂದವಾಗುವುದು, ಕಣ್ಣಿನ ದೋಷ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಮದ್ಯಪಾನ, ಒಂಟಿತನ ಮುಂತಾದವು ಆ ಪಟ್ಟಿಯಲ್ಲಿವೆ. ಸೋಂಕಿಗೆ ಆ ಪಟ್ಟಿಯಲ್ಲಿ ಸ್ಥಾನ ದೊರೆತಿಲ್ಲ, ಒಂಟಿತನಕ್ಕೆ ದೊರೆತಿದೆ. ವಾಚಕರು ಇದನ್ನು ಗಮನಿಸಬೇಕು. ವೈರಸ್ಸಿಗೆ ಅಂಜಿ ಹಿರಿಯರನ್ನು ಹಿಂದಿನ ಕೋಣೆಗೆ ಕಳಿಸಿದ ಆ ಮನೆಯವರು, ತಿಳಿಯದೆ ಯಾವುದನ್ನು ದೂರವಿಟ್ಟರು, ಯಾವುದನ್ನು ಹತ್ತಿರ ಕರೆದರು?

ಕಳೆದ ತಿಂಗಳು ಮತ್ತೆ ಆ ಮನೆಗೆ ಹೋದೆವು. ಇಲ್ಲಿ ಬರೆದುದನ್ನೆಲ್ಲ ಸೊಸೆಗೂ ಮಗನಿಗೂ ಕುಳ್ಳಿರಿಸಿ ಹೇಳಿದೆವು. ಆ ತಾಯಿ ಏನೂ ಮಾತನಾಡಲಿಲ್ಲ. ಎದ್ದು ಹೋಗಿ, ಬೇರೆ ಇಟ್ಟಿದ್ದ ತಾಟನ್ನು ತಂದು ಉಳಿದ ತಾಟುಗಳ ಜೊತೆ ಇಟ್ಟರು. ಅಂದು ಹಿರಿಯರು ಪಡಸಾಲೆಯ ಪಂಕ್ತಿಯಲ್ಲಿ ಮೊಮ್ಮಕ್ಕಳ ನಡುವೆ ಕುಳಿತರು. ನಮ್ಮ ಹೆಸರು ಅವರಿಗೆ ನೆನಪಿರಲಿಲ್ಲ. ಇನ್ನು ನೆನಪಾಗುವುದೂ ಇಲ್ಲ. ಆದರೆ ಮಗ್ಗುಲಲ್ಲಿದ್ದ ಮೊಮ್ಮಗನ ತಾಟಿನಲ್ಲಿ ರೊಟ್ಟಿ ಮುಗಿದುದನ್ನು ಕಂಡು, ತಮ್ಮ ತಾಟಿನ ರೊಟ್ಟಿಯಲ್ಲಿ ಅರ್ಧ ಮುರಿದು ಅವನಿಗೆ ಹಾಕಿದರು. ಹುಡುಗ ಅದನ್ನು ತಿಂದ. ಯಾರೂ ಬೇಡವೆನ್ನಲಿಲ್ಲ.

ಮರೆವು ಅವರದು, ಅವರನ್ನು ಮರೆಯದಿರುವ ಹೊಣೆ ನಮ್ಮದು. ವೈದ್ಯರು ತಮ್ಮ ಶೋಧನೆಯನ್ನು ಮುಂದುವರಿಸಲಿ. ಅಲ್ಲಿಯವರೆಗೆ ನಮ್ಮ ಮನೆಗಳ ಪಂಕ್ತಿ ಒಂದೇ ಆಗಿರಲಿ.